ಹುಟ್ಟುವ ಮಗುವಿಗೆ ಹೆಸರು ಹುಡುಕುತ್ತಿರುವ ಕೃಪಾಳಿಗೆ

ಪ್ರೀತಿಯ ಮಗಳು ಕೃಪಾಳಿಗೆ,

ಕರ್ತನ ನಾಮದಲ್ಲಿ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ನೀನೂ ಅಳಿಯಂದಿರೂ ಕ್ಷೇಮವಾಗಿದ್ದೀರಿ ಅಂತ ನಂಬಿದ್ದೇನೆ. ನೀನು ವಾಟ್ಸಾಪಿನಲ್ಲಿ ಕಳಿಸಿದ ಹೆಸರಿನ ಪಟ್ಟಿ ನೋಡಿದೆ. ಗಂಡಾದರೆ ಜೇಕಬ್, ಸ್ಯಾಮುಯೆಲ್, ಈಥನ್, ಕೇಲಬ್. ಹೆಣ್ಣಾದರೆ ಲಿಯಾ, ಅಬಿಗೇಲ್, ನವೋಮಿ, ಮಿರಿಯಮ್. ಪ್ರತಿಯೊಂದರ ಮುಂದೆಯೂ ಒಂದೊಂದು ಸಾಲಿನ ಅರ್ಥ ಇದೆ. ಲಿಯಾ ಮುಂದೆ 'ದಣಿದವಳು' ಅಂತ ಇದೆ, ಅದನ್ನು ಹೊಡೆದುಹಾಕಿದ್ದೀಯ. ಜೇಕಬ್ ಮುಂದೆ 'ಮೋಸಗಾರ' ಅಂತ ಇದೆ, ಅಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೀಯ. ಕೇಲಬ್ ಅಂದರೆ ನಾಯಿ ಅಂತ ಯಾರೋ ಹೇಳಿದ್ದಕ್ಕೆ ನಿಮ್ಮ ಅತ್ತೆಯವರಿಗೆ ಬೇಜಾರಾಗಿದೆಯಂತೆ. ಇದು ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಹೇಳಬೇಕಾದ ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದು ಸಾಲಿನ ಅರ್ಥ ನೋಡಿ ಹೆಸರಿಡಬೇಡ ಮಗಳೇ. ಆ ಹೆಸರನ್ನು ಯಾರು, ಯಾವಾಗ, ಯಾಕೆ ಇಟ್ಟರು ಅಂತ ಸತ್ಯವೇದದಲ್ಲಿ ಓದು. ಆ ಹೆಸರು ಹೊತ್ತವರು ಹೇಗೆ ಬದುಕಿದರು ಅಂತ ನೋಡು. ಆಮೇಲೆ ಇಡು.

ಬಲ್ಮಠದಲ್ಲಿ ದೇವಶಾಸ್ತ್ರ ಓದುವಾಗ ನಮಗೆ ಹೀಬ್ರೂ ಕಲಿಸುತ್ತಿದ್ದರು. ಆಗ ನನಗೆ ತುಂಬಾ ಹಿಡಿಸಿದ ವಿಷಯ ಇದು: ಹೀಬ್ರೂ ಹೆಸರುಗಳಲ್ಲಿ ಎಷ್ಟೋ ಹೆಸರು ಒಂದು ಪುಟ್ಟ ವಾಕ್ಯವೇ ಆಗಿರುತ್ತದೆ. 'ಏಲ್' ಅಂದರೆ ದೇವರು. 'ಯಾ', 'ಯೋ', 'ಯೆಹೋ' ಇವೆಲ್ಲ ಯೆಹೋವ ಎಂಬ ನಾಮದ ಚಿಕ್ಕ ರೂಪಗಳು. ಅವುಗಳ ಜೊತೆ ಒಂದು ಕ್ರಿಯಾಪದ ಸೇರಿದರೆ ಹೆಸರಾಯಿತು. ನಾತಾನ ಅಂದರೆ 'ಕೊಟ್ಟನು'. ಯೋನಾತಾನ ಅಂದರೆ 'ಯೆಹೋವನು ಕೊಟ್ಟನು'. ನೆತನೇಲ ಅಂದರೆ 'ದೇವರು ಕೊಟ್ಟನು'. ದಾನಿಯೇಲ ಅಂದರೆ 'ದೇವರು ನನ್ನ ನ್ಯಾಯಾಧಿಪತಿ'. ಮಿಕಾಯೇಲ ಒಂದು ಪ್ರಶ್ನೆ: 'ದೇವರಿಗೆ ಸಮಾನರು ಯಾರು?' ಎಲೀಯ ಮತ್ತು ಯೋವೇಲ ಎರಡರಲ್ಲೂ ಅವೇ ಎರಡು ತುಂಡುಗಳು ಹಿಂದುಮುಂದಾಗಿವೆ. ಎಲೀಯ ಅಂದರೆ 'ನನ್ನ ದೇವರು ಯೆಹೋವ', ಯೋವೇಲ ಅಂದರೆ 'ಯೆಹೋವನೇ ದೇವರು'. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿದಾಗ ಜನರೆಲ್ಲ ಅಡ್ಡಬಿದ್ದು 'ಯೆಹೋವನೇ ದೇವರು' ಅಂತ ಕೂಗಿದ್ದು ನೆನಪಿದೆಯಾ? ಎಲೀಯ ಪ್ರವಾದಿ ಹುಟ್ಟಿದಾಗಿನಿಂದ ಹೊತ್ತು ತಿರುಗಿದ ಮಾತನ್ನೇ ಕೊನೆಗೆ ಇಡೀ ಜನ ಕೂಗಿದರು.

ದೇವರು ಯೆಹೋವನೋ, ಕಾನಾನ್ಯರು ಪೂಜಿಸುತ್ತಿದ್ದ ಬಾಳನೋ ಎಂಬ ಎಲೀಯನ ಕಾಲದ ಆ ಜಗಳ ಸುಮ್ನೆ ಕಥೆಯಲ್ಲ. ಜನರ ಹೆಸರುಗಳಲ್ಲೇ ಅದು ಕಾಣುತ್ತದೆ. ಉತ್ತರದ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯದಲ್ಲಿ 1910ರಲ್ಲಿ ಅಗೆದಾಗ ಮಸಿಯಲ್ಲಿ ಬರೆದ ಮಡಕೆ ಚೂರುಗಳು ಸಿಕ್ಕವು. ಎಣ್ಣೆ, ದ್ರಾಕ್ಷಾರಸದ ಲೆಕ್ಕ ಬರೆದಿಟ್ಟ ಚೂರುಗಳು, ಕ್ರಿ.ಪೂ. 8ನೆಯ ಶತಮಾನದವು. ಅವುಗಳಲ್ಲಿ ಯೆಹೋವನ ಹೆಸರು ಸೇರಿದವರೂ ಇದ್ದಾರೆ, ಬಾಳನ ಹೆಸರು ಸೇರಿದವರೂ ಇದ್ದಾರೆ. ಅರಸನಾದ ಸೌಲನ ಮಗನನ್ನೇ ನೋಡು. ಪೂರ್ವಕಾಲವೃತ್ತಾಂತದಲ್ಲಿ ಅವನ ಹೆಸರು ಎಷ್ಬಾಳ. ಸಮುವೇಲನ ಪುಸ್ತಕದಲ್ಲಿ ಅವನೇ ಈಷ್ಬೋಶೆತ್. ಬೋಶೆತ್ ಅಂದರೆ ನಾಚಿಕೆ. ಬರೆದವರಿಗೆ ಬಾಳನ ಹೆಸರನ್ನು ಬಾಯಿಗೆ ತರುವುದಕ್ಕೂ ಮನಸ್ಸಿಲ್ಲದೆ ಆ ಜಾಗದಲ್ಲಿ 'ನಾಚಿಕೆ' ಅಂತ ಬರೆದರು ಅಂತ ಬಹಳ ಮಂದಿ ಪಂಡಿತರು ಹೇಳುತ್ತಾರೆ.

ಇನ್ನು ನಿನ್ನದೇ ಹೆಸರಿಗೆ ಬರೋಣ. ಹೀಬ್ರೂವಿನಲ್ಲಿ ಕೃಪೆ ತೋರಿಸುವುದಕ್ಕೆ ಒಂದು ಮೂಲ ಧಾತು ಇದೆ. ಅದರಿಂದ ಹುಟ್ಟಿದ ಹೆಸರೇ ಹನ್ನ. ಅದರ ಮುಂದೆ ಯೆಹೋವನ ನಾಮ ಸೇರಿದರೆ ಯೋಹಾನಾನ್, ಅಂದರೆ ನಮ್ಮ ಯೋಹಾನ. ಹಿಂದೆ ಸೇರಿದರೆ ಹನನ್ಯ. ನಿನ್ನ ಅಜ್ಜನ ಹೆಸರು ಯೋಹಾನ. ನಿನಗೆ ಕೃಪಾ ಅಂತ ಇಟ್ಟಿದ್ದೂ ಅವರೇ. ತಮ್ಮ ಹೆಸರಿನ ಅರ್ಥವನ್ನೇ ಕನ್ನಡದಲ್ಲಿ ಮೊಮ್ಮಗಳಿಗೆ ಕೊಡುತ್ತಿದ್ದೇನೆ ಅಂತ ಅವರು ನನ್ನ ಹತ್ತಿರ ಹೇಳಿದ್ದರು. ಹಾಗಾಗಿ ನೀನು ಈಗಾಗಲೇ ಬೈಬಲ್ ಹೆಸರಿನವಳೇ. ಮಗುವಿಗೂ ಕನ್ನಡದ ಹೆಸರೇ ಇಡಬೇಕು ಅನ್ನಿಸಿದರೆ ಧಾರಾಳವಾಗಿ ಇಡು. ಹೀಬ್ರೂ ಹೆಸರಾದರೆ ಮಾತ್ರ ಪವಿತ್ರ ಅಂತ ಎಲ್ಲೂ ಹೇಳಿಲ್ಲ.

ಈಗ ನೀನು ಹೊಡೆದುಹಾಕಿದ ಲಿಯಾ. ನಮ್ಮ ಸತ್ಯವೇದದಲ್ಲಿ ಲೇಯ. ಈ ಹೆಸರಿಗೆ ದಣಿದವಳು ಅಂತ ಅರ್ಥ ಹೇಳುವುದುಂಟು, ಹಸು ಅಂತ ಹೇಳುವುದೂ ಉಂಟು. ರಾಹೇಲ ಅಂದರೆ ಹೆಣ್ಣು ಕುರಿ. ದನಕುರಿ ಮೇಯಿಸುವ ಮನೆಯ ಇಬ್ಬರು ಅಕ್ಕತಂಗಿಯರಿಗೆ ಆ ಹೆಸರುಗಳು ಒಪ್ಪುತ್ತವೆ, ಅಲ್ವಾ? ಅದು ಹಾಗಿರಲಿ. ಆದಿಕಾಂಡದ 29ನೆಯ ಅಧ್ಯಾಯವನ್ನು ಇವತ್ತೇ ತೆಗೆದು ಓದು. ಗಂಡನಿಗೆ ಬೇಡವಾದ ಹೆಂಡತಿ ಲೇಯ. ಯಾಕೋಬ ಪ್ರೀತಿಸಿದ್ದು ತಂಗಿಯನ್ನು. ಮೊದಲ ಮಗ ಹುಟ್ಟಿದಾಗ ಅವಳು ರೂಬೇನ್ ಅಂತ ಹೆಸರಿಟ್ಟಳು. 'ನೋಡಿ, ಮಗ' ಎಂಬ ಹಾಗೆ ಅದು ಕೇಳಿಸುತ್ತದೆ. ಯೆಹೋವನು ನನ್ನ ಕಷ್ಟ ನೋಡಿದನು, ಇನ್ನಾದರೂ ಗಂಡ ನನ್ನನ್ನು ಪ್ರೀತಿಸುತ್ತಾನೆ ಅಂದಳು. ಎರಡನೆಯವನು ಸಿಮೆಯೋನ್. ನಾನು ಗಂಡನಿಗೆ ಬೇಡವಾದವಳು ಅನ್ನೋದನ್ನು ದೇವರು ಕೇಳಿಸಿಕೊಂಡನು ಅಂದಳು. ಮೂರನೆಯವನು ಲೇವಿ. ಇನ್ನು ಮೇಲೆ ಗಂಡ ನನಗೆ ಅಂಟಿಕೊಳ್ಳುತ್ತಾನೆ ಅಂದಳು. ಮೂರು ಹೆಸರಿನಲ್ಲೂ ಅದೇ ನೋವು, ಅದೇ ಆಸೆ. ನಾಲ್ಕನೆಯ ಮಗ ಹುಟ್ಟಿದಾಗ ಮಾತು ಬೇರೆಯಾಯಿತು. ಈ ಸಲ ಯೆಹೋವನನ್ನು ಕೊಂಡಾಡುತ್ತೇನೆ ಅಂತ ಹೇಳಿ ಯೆಹೂದ ಅಂತ ಹೆಸರಿಟ್ಟಳು. ಆ ಸಾಲಿನಲ್ಲಿ ಗಂಡನ ಮಾತೇ ಇಲ್ಲ.

ಆ ಯೆಹೂದನ ಹೆಸರಿನಿಂದಲೇ ಯೆಹೂದ ಕುಲ, ಯೆಹೂದ ರಾಜ್ಯ, ಯೆಹೂದ್ಯರು ಎಂಬ ಮಾತೆಲ್ಲ ಬಂದಿದ್ದು. ದಾವೀದ ಆ ಕುಲದವನು. ನಮ್ಮ ರಕ್ಷಕನೂ ಅದೇ ಕುಲದಲ್ಲಿ ಹುಟ್ಟಿದನು. ಒಂದು ಇಡೀ ಜನಾಂಗ ಇವತ್ತಿಗೂ ಕರೆಸಿಕೊಳ್ಳುವ ಹೆಸರು ಯಾರಿಗೂ ಬೇಡವಾದ ಒಬ್ಬ ತಾಯಿಯ ಬಾಯಿಂದ ಬಂತು. 'ದಣಿದವಳು' ಎಂಬ ಒಂದು ಪದ ನೋಡಿ ಅವಳ ಹೆಸರನ್ನು ಬಿಟ್ಟುಬಿಟ್ಟರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಇಲ್ಲಿ ಇನ್ನೊಂದು ವಿಷಯ ನೀನು ತಿಳಿದುಕೊಳ್ಳಬೇಕು. ಸತ್ಯವೇದದಲ್ಲಿ ಕೊಡುವ ವಿವರಣೆ ಯಾವಾಗಲೂ ವ್ಯಾಕರಣದ ಅರ್ಥ ಅಲ್ಲ. ಬಹಳ ಸಲ ಅದು ಹೆಸರಿನ ನಾದ ಹಿಡಿದು ಹೇಳಿದ ಮಾತು. ಸಮುವೇಲನನ್ನೇ ನೋಡು. ಯೆಹೋವನನ್ನು ಬೇಡಿ ಪಡೆದೆ ಅಂತ ಹೇಳಿ ಅವನ ತಾಯಿ ಹನ್ನಳು ಆ ಹೆಸರಿಟ್ಟಳು. ಆದರೆ ಹೀಬ್ರೂವಿನಲ್ಲಿ 'ಬೇಡಿ ಪಡೆದವನು' ಅನ್ನೋದಕ್ಕೆ ಸರಿಯಾಗಿ ಹೊಂದುವ ಹೆಸರು ಸೌಲ. ಸಮುವೇಲ ಎಂಬುದಕ್ಕೆ 'ದೇವರ ನಾಮ' ಅನ್ನೋ ಅರ್ಥ ಹೆಚ್ಚು ಸರಿಹೋಗುತ್ತದೆ. ಮೋಶೆಯದೂ ಹಾಗೇ. ನೀರಿನಿಂದ ಎಳೆದು ತೆಗೆದೆ ಅಂತ ಫರೋಹನ ಮಗಳು ಆ ಹೆಸರಿಟ್ಟಳು. ಅವಳು ಐಗುಪ್ತದವಳು. ಥುತ್ಮೋಸ್, ರಾಮ್ಸೆಸ್ ಎಂಬ ಫರೋಹರ ಹೆಸರುಗಳಲ್ಲಿ ಬರುವ 'ಹುಟ್ಟಿದ' ಎಂಬ ಐಗುಪ್ತ ಮಾತೇ ಮೋಶೆಯಲ್ಲೂ ಇದೆ ಅಂತ ಪಂಡಿತರು ಹೇಳುತ್ತಾರೆ. ಇದನ್ನೆಲ್ಲ ಓದಿ ನಂಬಿಕೆ ಅಲ್ಲಾಡಿತು ಅಂತ ಅನ್ನಿಸಬಾರದು. ಹನ್ನಳು ನಿಘಂಟು ಬರೆಯಲು ಕೂತಿರಲಿಲ್ಲ. ಅತ್ತು ಬೇಡಿ ಪಡೆದ ಮಗನನ್ನು ಎತ್ತಿಕೊಂಡು ಮಾತಾಡುತ್ತಿದ್ದಳು. ಸ್ಯಾಮುಯೆಲ್ ಅಂತ ಹೆಸರಿಡುವುದಾದರೆ ಅವಳ ಪ್ರಾರ್ಥನೆಯನ್ನು ನೆನೆದು ಇಡು.

ಜೇಕಬ್ ಮುಂದೆ ಹಾಕಿದ ಪ್ರಶ್ನೆ ಚಿಹ್ನೆಗೆ ಉತ್ತರ: ಯಾಕೋಬ ಅಂದರೆ ಮೋಸಗಾರ ಅಂತ ಹೇಳಿದ್ದು ಅವನ ಅಣ್ಣ ಏಸಾವ, ಅದೂ ಕೋಪದಲ್ಲಿ. ಯಾಕೋಬ ಹುಟ್ಟುವಾಗ ಅಣ್ಣನ ಹಿಮ್ಮಡಿ ಹಿಡಿದಿದ್ದ, ಹಿಮ್ಮಡಿಗೆ ಹೀಬ್ರೂವಿನಲ್ಲಿ ಹೇಳುವ ಮಾತು ಈ ಹೆಸರಿಗೆ ಹತ್ತಿರ, ಅದಕ್ಕೆ ಆ ಹೆಸರು. ಅಣ್ಣ ಅದನ್ನೇ ತಿರುಗಿಸಿ ಬೈದ. ಆ ಕಾಲದ ಸುತ್ತಮುತ್ತಲ ನಾಡುಗಳಲ್ಲಿ ಇದೇ ಧಾತುವಿನ ಹೆಸರುಗಳು ಬೇರೆಯವರಿಗೂ ಇದ್ದವು. ಅಲ್ಲಿ ಅದರ ಅರ್ಥ 'ದೇವರು ಕಾಪಾಡಲಿ' ಅಂತ ಇರಬೇಕು ಅನ್ನೋದು ಬಹಳ ಪಂಡಿತರ ಅಭಿಪ್ರಾಯ. ಜಗಳದಲ್ಲಿ ಅಣ್ಣ ಬೈದ ಮಾತನ್ನು ಹಿಡಿದುಕೊಂಡು ಈಗಲೂ ಜನ ಆ ಹೆಸರಿಗೆ ಹೆದರುವುದು ಸರಿಯಲ್ಲ. ಆ ಯಾಕೋಬನಿಗೇ ದೇವರು ಇಸ್ರಾಯೇಲ್ ಎಂಬ ಹೆಸರು ಕೊಟ್ಟನು. ಸತ್ಯವೇದದ ಹೊರಗೆ ನಮಗೆ ಸಿಗುವ ಅತಿ ಹಳೆಯ 'ಇಸ್ರಾಯೇಲ್' ಐಗುಪ್ತದ ಫರೋಹ ಮೆರ್ನೆಪ್ತಾನ ಕಲ್ಲಿನಲ್ಲಿದೆ. ಅದು ಸುಮಾರು ಕ್ರಿ.ಪೂ. 1208ರದ್ದು, 1896ರಲ್ಲಿ ಸಿಕ್ಕಿತು. ಇಸ್ರಾಯೇಲನ್ನು ಬೀಜವೂ ಇಲ್ಲದಂತೆ ಮಾಡಿದೆ ಅಂತ ಆ ಫರೋಹ ಅದರಲ್ಲಿ ಬರೆಸಿದ್ದಾನೆ. ಆ ಹೆಸರು ಉಳಿದಿದೆ.

ಇನ್ನು ಕೇಲಬ್. ನಿಮ್ಮ ಅತ್ತೆಯವರಿಗೆ ಈ ಭಾಗ ಓದಿ ಹೇಳು. ನಾಯಿಗೆ ಹೀಬ್ರೂವಿನಲ್ಲಿ ಕೆಲೆವ್ ಅನ್ನುತ್ತಾರೆ, ಕಾಲೇಬ ಎಂಬ ಹೆಸರು ಅದೇ ಅಕ್ಷರಗಳದ್ದು. ಅದನ್ನು ಮುಚ್ಚಿಡುವುದು ಬೇಡ. ಆದರೆ 1935ರಲ್ಲಿ ಲಾಕೀಷ್ ಪಟ್ಟಣದ ಹಾಳುಬಿದ್ದ ದ್ವಾರದ ಕೋಣೆಯಲ್ಲಿ ಮಡಕೆ ಚೂರಿನ ಮೇಲೆ ಬರೆದ ಪತ್ರಗಳು ಸಿಕ್ಕವು. ಬಾಬೆಲಿನ ಸೈನ್ಯ ಯೆಹೂದವನ್ನು ಹಾಳುಮಾಡುವ ಹೊತ್ತಿನ, ಯೆರೆಮೀಯನ ಕಾಲದ ಪತ್ರಗಳವು. ಒಂದನ್ನು ಬರೆದವನು ಹೋಷಾಯಾಹು. 'ಯೆಹೋವನು ರಕ್ಷಿಸಿದನು' ಎಂಬ ಹೆಸರು. ಆ ಪತ್ರಗಳಲ್ಲಿ ಕೆಳಗಿನವನು ಮೇಲಧಿಕಾರಿಗೆ ಬರೆಯುವಾಗ 'ನಿನ್ನ ಸೇವಕನು ಯಾರು, ಒಂದು ನಾಯಿ' ಅಂತ ಬರೆಯುತ್ತಾನೆ. ನಮ್ಮ ಹಿರಿಯರು ಅರ್ಜಿಯಲ್ಲಿ 'ತಮ್ಮ ವಿಧೇಯ' ಅಂತ ಬರೆಯುತ್ತಿದ್ದರಲ್ಲ, ಆ ಥರದ ವಿನಯದ ಮಾತು ಅದು. ಅಷ್ಟೇ ಅಲ್ಲ. ಕಾನಾನ್ ದೇಶ ನೋಡಿ ಬರಲು ಮೋಶೆ 12 ಜನರನ್ನು ಕಳಿಸಿದನು. ಹತ್ತು ಜನ ಹೆದರಿ ಜನರ ಎದೆಯನ್ನೂ ಒಡೆದರು. ಆ ಹತ್ತು ಜನರಲ್ಲಿ ಒಬ್ಬನ ಹೆಸರಾದರೂ ನಿನಗೆ ಬಾಯಿಗೆ ಬರುತ್ತದಾ? ಧೈರ್ಯ ಹೇಳಿದವರು ಕಾಲೇಬ ಮತ್ತು ಯೆಹೋಶುವ. ಕಾಲೇಬ 85 ವರ್ಷದವನಾದಾಗಲೂ ತನಗೆ ಬೆಟ್ಟದ ಸೀಮೆಯೇ ಬೇಕು, ಕೋಟೆ ಕಟ್ಟಿದ ಊರುಗಳನ್ನು ಗೆದ್ದುಕೊಳ್ಳುತ್ತೇನೆ ಅಂತ ಕೇಳಿ ಹೆಬ್ರೋನನ್ನು ಪಡೆದನು. ಮಗನಿಗೆ ಆ ಹೆಸರು ಇಟ್ಟರೆ ನನಗೆ ತುಂಬಾ ಸಂತೋಷ.

ಯೆಹೋಶುವ ಅಂದೆನಲ್ಲ, ಅವನ ಮೊದಲ ಹೆಸರು ಹೋಶೇಯ. ಮೋಶೆ ಅದನ್ನು ಬದಲಾಯಿಸಿ ಯೆಹೋಶುವ ಅಂತ ಮಾಡಿದನು. 'ಯೆಹೋವನೇ ರಕ್ಷಣೆ' ಅಂತ ಅರ್ಥ. ಕಾಲ ಹೋದ ಹಾಗೆ ಅದು ಸಣ್ಣದಾಗಿ ಯೇಶುವ ಆಯಿತು. ಗ್ರೀಕ್ ಭಾಷೆಗೆ 'ಶ' ಬರುವುದಿಲ್ಲ, ಕೊನೆಯಲ್ಲಿ ಒಂದು 'ಸ್' ಬೇಕು. ಅಲ್ಲಿ ಈಯೆಸೂಸ್ ಆಯಿತು. ನಮ್ಮಲ್ಲಿ ಯೇಸು. ಮರಿಯಳು ತನ್ನ ಮಗನಿಗೆ ಇಟ್ಟ ಹೆಸರು ಆ ಕಾಲದ ಯೆಹೂದ್ಯರಲ್ಲಿ ಬೀದಿಬೀದಿಯಲ್ಲಿ ಕೇಳಿಸುತ್ತಿದ್ದ ಹೆಸರು. ಮಿರಿಯಮ್ ಕೂಡ ಹಾಗೇ. ಸುವಾರ್ತೆಗಳಲ್ಲಿ ಎಷ್ಟು ಜನ ಮರಿಯರು ಬರುತ್ತಾರೆ ನೋಡು. ಅದರ ಮೂಲ ಅರ್ಥದ ಬಗ್ಗೆ ಪಂಡಿತರಲ್ಲಿ ಒಮ್ಮತ ಇಲ್ಲ. ಕಹಿ ಅಂತಾರೆ, ಪ್ರಿಯಳು ಅಂತಾರೆ. ಅರ್ಥ ತೀರ್ಮಾನವಾಗದಿದ್ದರೂ ಎರಡು ಸಾವಿರ ವರ್ಷ ತಾಯಂದಿರು ಆ ಹೆಸರಿಟ್ಟಿದ್ದಾರೆ.

ನವೋಮಿ ಬಗ್ಗೆ ಸ್ವಲ್ಪ ಯೋಚನೆ ಮಾಡು. ಹೆಸರಿನ ಅರ್ಥ ಸಂತೋಷವಾದದ್ದೇ, 'ಹಿತವಾದವಳು' ಅಂತ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಬೇತ್ಲೆಹೇಮಿಗೆ ವಾಪಸ್ ಬಂದಾಗ ಅವಳು 'ನನ್ನನ್ನು ನವೋಮಿ ಅನ್ನಬೇಡಿ, ಮಾರಾ ಅನ್ನಿ' ಅಂದಳು. ಮಾರಾ ಅಂದರೆ ಕಹಿ. ಆದರೆ ರೂತಳ ಪುಸ್ತಕ ಬರೆದವನು ಮುಂದೆ ಒಂದು ಸಲವೂ ಅವಳನ್ನು ಮಾರಾ ಅನ್ನುವುದಿಲ್ಲ. ಕೊನೆಗೆ ಮೊಮ್ಮಗನನ್ನು ಮಡಿಲಲ್ಲಿ ಇಟ್ಟುಕೊಂಡಾಗಲೂ ಅವಳು ನವೋಮಿಯೇ. ರಾಹೇಲಳು ಎಫ್ರಾತದ ದಾರಿಯಲ್ಲಿ ಹೆತ್ತು ಸಾಯುವಾಗ ಮಗನನ್ನು ಬೆನೋನಿ ಅಂದಳು, 'ನನ್ನ ದುಃಖದ ಮಗ'. ಯಾಕೋಬ ಅವನನ್ನು ಬೆನ್ಯಾಮೀನ ಅಂದನು, 'ಬಲಗೈಯ ಮಗ'. ಯಾಬೇಚನ ತಾಯಿ ತುಂಬಾ ನೋವಿನಿಂದ ಹೆತ್ತು ಮಗನಿಗೆ ನೋವಿನ ಹೆಸರೇ ಇಟ್ಟಳು. ಅವನು ಆ ನೋವು ತನಗೆ ತಟ್ಟದಿರಲಿ ಅಂತ ದೇವರನ್ನು ಬೇಡಿದನು, ದೇವರು ಕೊಟ್ಟನು. ಹೆಸರು ಹಣೆಬರಹ ಅಂತ ಹೇಳುವವರ ಮಾತು ನಂಬಬೇಡ. ಅಕ್ಷರ ಕೂಡಿಸಿ ಎಣಿಸಿ ಹೆಸರಿನಲ್ಲಿ ಒಂದು 'ಎ' ಜಾಸ್ತಿ ಹಾಕಿಸುವ ಗೋಜಿಗಂತೂ ಹೋಗಲೇಬೇಡ.

ಈಥನ್ ಸರಿಯಾದ ಹೆಸರೇ. ಹೀಬ್ರೂವಿನಲ್ಲಿ ಏತಾನ. ಬೇಸಿಗೆಯಲ್ಲೂ ಬತ್ತದ ಹೊಳೆಗೆ ಅದೇ ಮಾತು. ನೀತಿಯು ಎಂದೂ ಬತ್ತದ ಹೊಳೆಯ ಹಾಗೆ ಹರಿಯಲಿ ಅಂತ ಪ್ರವಾದಿ ಆಮೋಸ ಸಾರುವಾಗ ಆ ಪದವನ್ನೇ ಬಳಸಿದ್ದಾನೆ. 89ನೆಯ ಕೀರ್ತನೆಯ ತಲೆಬರಹದಲ್ಲಿ ಏತಾನನ ಹೆಸರಿದೆ. ಅಷ್ಟು ಸಾಕು.

ನನ್ನನ್ನು ಕೇಳಿದರೆ, ಹೆಣ್ಣಾದರೆ ಲೇಯ ಅಥವಾ ಅಬಿಗೇಲ್. ಅಬಿಗೇಲ್ ಎಂಬ ಹೆಸರಿನಲ್ಲಿ ತಂದೆಯೂ ಇದ್ದಾನೆ, ಆನಂದವೂ ಇದೆ. ಅದಕ್ಕಿಂತ ಹೆಚ್ಚಾಗಿ ಒಂದನೆಯ ಸಮುವೇಲ 25ನೆಯ ಅಧ್ಯಾಯ ಓದು. ಅವಳ ಗಂಡ ನಾಬಾಲ. ಹೀಬ್ರೂವಿನಲ್ಲಿ ಮೂರ್ಖ ಅಂತಲೇ ಅರ್ಥ. ಅವನು ದಾವೀದನ ಆಳುಗಳನ್ನು ಅವಮಾನ ಮಾಡಿ ಕಳಿಸಿದ. ದಾವೀದ 400 ಜನರನ್ನು ಕಟ್ಟಿಕೊಂಡು ಕತ್ತಿ ಹಿಡಿದು ಹೊರಟ. ಅಬಿಗೇಲ್ ಗಂಡನಿಗೆ ಹೇಳದೆ 200 ರೊಟ್ಟಿ, ಐದು ಕುರಿಗಳ ಅಡಿಗೆ, ಹುರಿದ ಕಾಳು, ದ್ರಾಕ್ಷಿ, ಅಂಜೂರದ ಉಂಡೆ ಎಲ್ಲ ಕತ್ತೆಗಳ ಮೇಲೆ ಹೇರಿಸಿಕೊಂಡು ದಾರಿಯಲ್ಲೇ ಅವನನ್ನು ಎದುರುಗೊಂಡಳು. ಮಾತಿನಿಂದಲೇ ಅವನ ಕೈ ತಡೆದಳು. ಮುಂದೆ ಅರಸನಾಗುವವನ ಕೈಗೆ ರಕ್ತ ಅಂಟದ ಹಾಗೆ ನೋಡಿಕೊಂಡಳು. ಅಂಥ ಬುದ್ಧಿ, ಅಂಥ ಧೈರ್ಯ ನಮ್ಮ ಮನೆಯ ಹೆಣ್ಣುಮಗುವಿಗೆ ಬರಲಿ.

ಹೆಸರು ಯಾವ ರೂಪದಲ್ಲಿ ಇಡೋದು ಅಂತ ಚಿಂತೆ ಬೇಡ. ಯೋಹಾನ ಎಂಬ ಒಂದೇ ಹೆಸರು ಇಂಗ್ಲಿಷಿನಲ್ಲಿ ಜಾನ್, ರಷ್ಯದಲ್ಲಿ ಇವಾನ್, ನಮ್ಮ ಮಂಗಳೂರಿನ ಕೊಂಕಣಿಯವರಲ್ಲಿ ಪೋರ್ಚುಗೀಸರ ಮೂಲಕ ಬಂದ ಜುವಾಂವ್. ಅದೇ ಸ್ನಾನಿಕ ಯೋಹಾನನನ್ನು ಕುರಾನಿನಲ್ಲಿ ಯಾಹ್ಯಾ ಅನ್ನುತ್ತಾರೆ. ನಿಮ್ಮ ಬೀದಿಯ ಇಬ್ರಾಹಿಂ, ಯಾಕೂಬ್, ದಾವೂದ್, ಮರಿಯಮ್ ಎಲ್ಲರೂ ಇದೇ ಮೂಲದ ಹೆಸರುಗಳನ್ನು ಹೊತ್ತವರು. ಮಗುವಿಗೆ ಬುದ್ಧಿ ಬಂದ ಮೇಲೆ ಅದನ್ನೂ ಹೇಳಿಕೊಡು. ನನ್ನ ಆಸೆ ಇಷ್ಟೇ: ಮನೆಯಲ್ಲಿ, ಸಭೆಯಲ್ಲಿ ಕನ್ನಡ ಸತ್ಯವೇದದ ರೂಪದಲ್ಲೇ ಕರೆಯಿರಿ. ಲೇಯ, ಕಾಲೇಬ ಅಂತ. ಮಗು ಮುಂದೆ ತಾನೇ ಆ ಅಧ್ಯಾಯ ಓದುವಾಗ ತನ್ನ ಹೆಸರು ಅಲ್ಲೇ ಕಣ್ಣಿಗೆ ಬೀಳಬೇಕು.

ಆಸ್ಪತ್ರೆಯಲ್ಲಿ ಫಾರ್ಮ್ ಕೊಟ್ಟಾಗ ಅವಸರ ಮಾಡಬೇಡಿ. ಜನನ ನೋಂದಣಿ ಹೆಸರಿಲ್ಲದೆಯೂ ಆಗುತ್ತದೆ. 12 ತಿಂಗಳ ಒಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಮೊದಲು ಮಗುವಿನ ಮುಖ ನೋಡಿ, ಇಬ್ಬರೂ ಕೂತು ಪ್ರಾರ್ಥನೆ ಮಾಡಿ, ಆಮೇಲೆ ತೀರ್ಮಾನಿಸಿ. ಒಮ್ಮೆ ತೀರ್ಮಾನ ಆದ ಮೇಲೆ ಜನನ ಪತ್ರದಲ್ಲಿ, ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ, ಆಧಾರಿನಲ್ಲಿ ಎಲ್ಲ ಕಡೆ ಒಂದೇ ಸ್ಪೆಲ್ಲಿಂಗ್ ಇರಲಿ. ಶಾಲೆಗೆ ಸೇರಿಸುವಾಗ ಅಲೆದಾಡುವುದು ತಪ್ಪುತ್ತದೆ.

ದೀಕ್ಷಾಸ್ನಾನದ ತಾರೀಕು ಗೊತ್ತಾದ ಕೂಡಲೇ ತಿಳಿಸು. ನಾನೂ ನಿನ್ನ ದೊಡ್ಡಮ್ಮನೂ ಎರಡು ದಿನ ಮೊದಲೇ ಬರುತ್ತೇವೆ. ಮೆಟ್ಟಿಲು ಹತ್ತುವಾಗ ಜೋಪಾನ. ಅಳಿಯಂದಿರಿಗೂ ನಿಮ್ಮ ಅತ್ತೆಯವರಿಗೂ ನಮ್ಮ ವಂದನೆ ತಿಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ